ಒತ್ತಿದೆ, ಬಿತ್ತು

ತಿಂಗಳ ಮೊದಲ ಸೋಮವಾರ ಬಂತೆಂದರೆ ಆ ಲಾಂಡ್ರಿಯಲ್ಲಿ ಎಲ್ಲರೂ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಲಾಡ್ಜಿನ ಟವೆಲ್ಲು ಎಲ್ಲ ಒಗೆಯಲು ಬರುವುದು ಅಲ್ಲಿಗೇ. ಎರಡು ದೊಡ್ಡ ಒಗೆಯುವ ಮೆಷಿನ್ನು, ನೀರು ಹಿಂಡುವ ಮೆಷಿನ್ನು ಒಂದು, ಗೋಡೆಯುದ್ದಕ್ಕೂ ಇಸ್ತ್ರಿ ಮೇಜು. ಬಾಗಿಲ ಪಕ್ಕದ ಕರೆಂಟ್ ಪೆಟ್ಟಿಗೆಯೊಳಗೆ ಮೆಷಿನ್ನಿಗೊಂದರಂತೆ ಮೂರು ಸೇಫ್ಟಿ ಸ್ವಿಚ್ಚು. ಒಂದೊಂದರ ಮೇಲೂ ಉಗುರಿಗಿಂತ ಚಿಕ್ಕದೊಂದು ಗುಂಡಿ. ಅದನ್ನು ಒತ್ತಿದರೆ ಸ್ವಿಚ್ಚಿನ ಹಿಡಿ ಟಪ್ಪೆಂದು ಕೆಳಗೆ ಬೀಳಬೇಕು. ಬಿದ್ದರೆ ಸ್ವಿಚ್ಚು ಕೆಲಸ ಮಾಡುತ್ತಿದೆ ಎಂದರ್ಥ.

ಆದರೆ ಹಿಡಿ ಬಿದ್ದರೆ ಮೆಷಿನ್ನೂ ನಿಲ್ಲುತ್ತದೆ. ತಕರಾರೆಲ್ಲ ಅಲ್ಲೇ. ಆ ಮೆಷಿನ್ನುಗಳಿಗೆ ಮರೆವು ಜಾಸ್ತಿ. ಅರ್ಧ ಒಗೆದಾಗ ಕರೆಂಟು ಹೋಯಿತೆಂದರೆ, ಬಂದ ಮೇಲೆ ಮತ್ತೆ ಮೊದಲಿನಿಂದ ಶುರು. ಮುಕ್ಕಾಲು ಗಂಟೆ ನೀರಿಗೆ ಹೋದಂತೆ.

ಆ ಸೋಮವಾರ ಗುಂಡಿ ಒತ್ತಿ ಪುಸ್ತಕದಲ್ಲಿ ಬರೆದಿಡುವ ಕೆಲಸ ಅತ್ತಿಗೆಯದು. ಅವಳ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದಳು. ಅವಳು ದಿನವಿಡೀ "ಅತ್ತಿಗೆ, ಅತ್ತಿಗೆ" ಎಂದು ಕೂಗುವುದನ್ನು ಕೇಳಿ ಕೇಳಿ ಇವಳು ಇಡೀ ಲಾಂಡ್ರಿಗೇ ಅತ್ತಿಗೆಯಾಗಿಬಿಟ್ಟಿದ್ದಳು. ಮೀಸೆ ನೆರೆತ ಮಾಲೀಕರೂ ಹಾಗೇ ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲದ ನಾದಿನಿಗೆ ಗಿಣಿ ಎಂದು ಹೆಸರಿಟ್ಟಿದ್ದರು. ಮಂಚದಗಲದ ಬೆಡ್‌ಶೀಟನ್ನು ಒಬ್ಬಳೇ ಎರಡು ಕೈಯಲ್ಲಿ ಹಿಡಿದು, ಒಮ್ಮೆ ಒದರಿ, ನಾಲ್ಕೇ ಮಡಿಕೆಯಲ್ಲಿ ಮುಗಿಸುತ್ತಿದ್ದಳು ಗಿಣಿ. ಅದನ್ನು ನೋಡಲೆಂದೇ ಹೊಸಬರು ನಿಂತುಬಿಡುತ್ತಿದ್ದರು.

ಅತ್ತಿಗೆಗೆ ಈ ಕೆಲಸ ಸಿಕ್ಕಿದ್ದು ಅವಳ ಕೈಬರಹದಿಂದ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ ಎಂದು ಎಲ್ಲರೂ ಹೊಗಳುವವರೇ. ಆ ಹೊಗಳಿಕೆ ಅವಳಿಗೂ ಇಷ್ಟವಾಗಿತ್ತು. ಅದರಲ್ಲಿ ತಪ್ಪೇನಿಲ್ಲ ಬಿಡಿ.

ಹೇಗೆ ಬರೆಯಬೇಕೆಂದು ಹೇಳಿಕೊಟ್ಟವರು ಲಾಂಡ್ರಿಯ ಎಲೆಕ್ಟ್ರಿಷಿಯನ್. ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಅವರನ್ನು ಎಲ್ಲರೂ ಟೆಸ್ಟರ್ ಮಾವ ಎನ್ನುತ್ತಿದ್ದರು.

"ನೋಡಮ್ಮ, ತಾರೀಖು ಹಾಕು. ಯಾವ ಸ್ವಿಚ್ಚು ಅಂತ ಬರಿ. ಆಮೇಲೆ ಎರಡೇ ಮಾತು, ಒತ್ತಿದೆ, ಬಿತ್ತು. ಕೆಳಗೆ ನಿನ್ನ ರುಜು. ಬೀಳಲಿಲ್ಲ ಅಂದ್ರೆ ಬೀಳಲಿಲ್ಲ ಅಂತಲೇ ಬರೆದು ಆ ಮೆಷಿನ್ ಬಂದ್ ಮಾಡಿ ನನಗೆ ಫೋನ್ ಮಾಡು."

"ಅಷ್ಟಕ್ಕೆಲ್ಲ ಪುಸ್ತಕ ಯಾಕೆ ಮಾವ? ಕರೆಂಟು ಜಾಸ್ತಿ ಆದ್ರೆ ಆ ಪಕ್ಕದ ಸ್ವಿಚ್ಚೇ ತಾನಾಗಿ ಬೀಳುತ್ತಲ್ಲ?"

"ಅದು ವೈರು ಸುಡದ ಹಾಗೆ ನೋಡ್ಕೊಳ್ಳೋದು. ಇದು ಮನುಷ್ಯರನ್ನ ನೋಡ್ಕೊಳ್ಳೋದು. ನಿನ್ನ ಮೈಯಲ್ಲಿ ಕರೆಂಟು ಹರಿದ್ರೆ ಕಣ್ಣು ಮಿಟುಕಿಸೋದರೊಳಗೆ ಬೀಳಬೇಕು. ಸುಮ್ನೆ ಬಿಟ್ರೆ ತೇವ, ಧೂಳು ಕೂತು ಒಳಗೇ ಹಿಡ್ಕೊಂಡುಬಿಡುತ್ತೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಒತ್ತಿ ನೋಡಬೇಕು."

ನಾಲ್ಕು ತಿಂಗಳು ಅತ್ತಿಗೆ ಹಾಗೇ ಮಾಡಿದಳು. ಐದನೇ ತಿಂಗಳು ಮಾಲೀಕರು ಪುಸ್ತಕ ತಿರುವಿ ಹುಬ್ಬೇರಿಸಿದರು.

"ಏನಿದು ಅತ್ತಿಗೆ, ಪುಟದ ತುಂಬ ಬಿತ್ತು, ಬಿತ್ತು, ಬಿತ್ತು? ಯಾರಾದ್ರೂ ನೋಡಿದ್ರೆ ಗೋಡೆ ಬಿತ್ತಾ, ಸೂರು ಬಿತ್ತಾ ಅಂತ ಕೇಳ್ತಾರೆ. ಕೆಲಸದ ಜಾಗದಲ್ಲಿ ಒಳ್ಳೆ ಮಾತು ಬರೀರಿ. ಸರಿ ಅಂತ ಬರೀರಿ ಸಾಕು."

ಇಸ್ತ್ರಿ ಮೇಜಿನವರೆಲ್ಲ ನಕ್ಕರು. ಅತ್ತಿಗೆಯೂ ನಕ್ಕಳು. ಅಂದಿನಿಂದ ಪುಸ್ತಕದಲ್ಲಿ "ಸರಿ" ಬಂತು.

ಮೊದಮೊದಲು ಒತ್ತಿಯೇ ಸರಿ ಎಂದು ಬರೆದಳು. ಒಂದು ಸೋಮವಾರ ಮೆಷಿನ್ನು ಓಡುತ್ತಿತ್ತು, ಆಸ್ಪತ್ರೆಯ ಗಾಡಿ ಬಾಗಿಲಲ್ಲಿ ನಿಂತಿತ್ತು. "ಈಗ ಒತ್ತಿ ನಮ್ಮ ಹೊಟ್ಟೆ ಉರಿಸಬೇಡಿ ಅತ್ತಿಗೆ" ಎಂದು ಗಿಣಿಯೇ ಹೇಳಿದಳು. ಸಂಜೆ ಒತ್ತಿದರಾಯಿತೆಂದು ಅತ್ತಿಗೆ ಸರಿ ಎಂದು ಬರೆದಿಟ್ಟಳು. ಸಂಜೆ ಮರೆತುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ತಿಂಗಳೂ ಹಾಗೇ ಆಯಿತು. ಆಮೇಲೊಂದು ದಿನ ಊಟದ ಬಿಡುವಿನಲ್ಲಿ, ಪದೇ ಪದೇ ಈ ತಲೆನೋವು ಯಾಕೆಂದು, ವರ್ಷದ ಕೊನೆಯವರೆಗೂ ತಾರೀಖು ಹಾಕಿ ಸರಿ, ಸರಿ, ಸರಿ ಎಂದು ಒಂದೇ ಪೆನ್ನಿನಲ್ಲಿ ತುಂಬಿಸಿಬಿಟ್ಟಳು. ಪುಟ ನೋಡಲು ಬಹಳ ಚೆನ್ನಾಗಿತ್ತು.

ಅದು ಗುರುವಾರ ಮಧ್ಯಾಹ್ನ. ಹಿಂಡುವ ಮೆಷಿನ್ನು ಅದುರಿ ಅದುರಿ ಅದರ ವೈರು ತಗಡಿಗೆ ಉಜ್ಜಿ ಸವೆದಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಎರಡೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಿಣಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಚ್ಚಳಕ್ಕೆ ಕೈ ಹಾಕಿದಳು. ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಗಿಣಿಯ ಮಾತು ಅರ್ಧಕ್ಕೆ ನಿಂತದ್ದನ್ನು ಅತ್ತಿಗೆ ಅದುವರೆಗೆ ಕೇಳಿರಲೇ ಇಲ್ಲ. ಅದಕ್ಕೇ ತಿರುಗಿ ನೋಡಿದಳು.

ಇಸ್ತ್ರಿಯವನು ಗಿಣಿಯನ್ನು ಎಳೆಯಲು ಓಡಿದ. "ಮುಟ್ಟಬೇಡ, ಮುಟ್ಟಬೇಡ" ಎಂದು ಕಿರುಚುತ್ತ ಅತ್ತಿಗೆ ಕರೆಂಟ್ ಪೆಟ್ಟಿಗೆಗೆ ಓಡಿ ಮೇನ್ ಸ್ವಿಚ್ಚು ಎಳೆದಳು. ಇಪ್ಪತ್ತು ಹೆಜ್ಜೆ ದೂರ. ಸೇಫ್ಟಿ ಸ್ವಿಚ್ಚು ಕಣ್ಣು ಮಿಟುಕಿಸುವುದರೊಳಗೆ ಮಾಡಬೇಕಿದ್ದ ಕೆಲಸಕ್ಕೆ ಅವಳಿಗೆ ಇಪ್ಪತ್ತು ಹೆಜ್ಜೆ ಬೇಕಾಯಿತು.

ಗಿಣಿ ಬದುಕಿದಳು. ಬಲಗೈ ಸುಟ್ಟಿತ್ತು. ಗಾಯ ಮಾಗುತ್ತದೆ, ಬೆರಳು ಮಾತ್ರ ಮೊದಲಿನಂತೆ ಮಡಚುವುದಿಲ್ಲ ಎಂದರು ಡಾಕ್ಟರು.

ಮರುದಿನ ಟೆಸ್ಟರ್ ಮಾವ ಬಂದು ಪೆಟ್ಟಿಗೆ ತೆರೆದು ಹಿಂಡುವ ಮೆಷಿನ್ನಿನ ಸ್ವಿಚ್ಚಿನ ಗುಂಡಿ ಒತ್ತಿದರು. ಬೀಳಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದರು. ಬೀಳಲಿಲ್ಲ. ಪುಸ್ತಕಕ್ಕೆ ಕೈ ಚಾಚಿದರು.

ಅತ್ತಿಗೆ ಪುಸ್ತಕ ಕೊಟ್ಟಳು. ಮಾವ ಪುಟದ ಮೇಲೆ ಬೆರಳಾಡಿಸುತ್ತ ಬಂದರು. ಹೋದ ತಿಂಗಳು ಸರಿ. ಈ ತಿಂಗಳು ಸರಿ. ಬೆರಳು ಇನ್ನೂ ಕೆಳಗಿಳಿಯಿತು. ಮುಂದಿನ ತಿಂಗಳೂ ಸರಿ.

"ಇನ್ನೂ ಬಾರದ ತಿಂಗಳೂ ಸರಿಯಾಗಿದೆಯಲ್ಲಮ್ಮ" ಎಂದರು ಮಾವ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಮಾಲೀಕರು ತಲೆ ತಗ್ಗಿಸಿ, "ಸರಿ ಅಂತ ಬರೀರಿ ಅಂದವನು ನಾನೇ" ಎಂದರು.

"ಸರಿ ಅನ್ನೋದನ್ನ ಕೂತಲ್ಲೇ ಬರೀಬಹುದು ಸ್ವಾಮಿ. ಬಿತ್ತು ಅಂತ ಬರೀಬೇಕಾದ್ರೆ ಬಿದ್ದದ್ದನ್ನ ನೋಡಬೇಕು. ಅದಕ್ಕೇ ಆ ಮಾತು ಹೇಳಿಕೊಟ್ಟಿದ್ದೆ. ನಾನೂ ಮೀಟರ್ ಹಿಡ್ಕೊಂಡು ಬಂದು ಎಷ್ಟು ಬೇಗ ಬೀಳುತ್ತೆ ಅಂತ ನೋಡಬೇಕಿತ್ತು. ಪುಸ್ತಕ ಸರಿಯಾಗಿದೆಯಲ್ಲ ಅಂತ ಮುಂದಕ್ಕೆ ಹಾಕಿದೆ."

ಮಾವ ಆ ಸ್ವಿಚ್ಚನ್ನು ಬಿಚ್ಚತೊಡಗಿದರು.

ಮನೆಯಲ್ಲಿ ಗಿಣಿಗೆ ಊಟ ಮಾಡಿಸುವುದು, ಜಡೆ ಹಾಕುವುದು, ರವಿಕೆಯ ಹುಕ್ಕು ಹಾಕುವುದು ಎಲ್ಲ ಅತ್ತಿಗೆಯೇ. ನಡೆದದ್ದನ್ನು ಹೇಳಲು ದಿನವೂ ಬಾಯಿ ತೆರೆಯುವಳು, ದಿನವೂ ನುಂಗಿಕೊಳ್ಳುವಳು. ಒಂದು ಬೆಳಿಗ್ಗೆ ಗಂಡ, ತಂಗಿಯ ಕೈ ನೋಡಿ ನಿಟ್ಟುಸಿರು ಬಿಟ್ಟ.

"ಏನು ಮಾಡೋದು, ಅವಳ ಹಣೆಬರಹ."

ಅತ್ತಿಗೆ ಬಾಚಣಿಗೆ ಕೆಳಗಿಟ್ಟಳು.

"ಹಣೆಬರಹ ಅಲ್ಲ ರೀ. ನನ್ನ ಕೈಬರಹ."

ಆಮೇಲೆ ಎಲ್ಲವನ್ನೂ ಹೇಳಿದಳು. ಒತ್ತದೆ ಬರೆದದ್ದು, ಮುಂದಿನ ತಿಂಗಳುಗಳನ್ನೂ ಬರೆದಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಗಂಡ ಒಂದು ಬಡಗಿ ಕಾರ್ಖಾನೆಯಲ್ಲಿ ಮರ ಕೊಯ್ಯುವ ಮೆಷಿನ್ನಿನ ಮೇಲೆ ಕೆಲಸ ಮಾಡುವವನು. ಅವನು ಹೆಂಡತಿಯ ಪರವಾಗಿ ಏನೋ ಹೇಳಹೊರಟ.

"ಒಂದು ಗುಂಡಿ ಒತ್ತಿದ್ರೆ ಎಲ್ಲ ತಪ್ಪಿಹೋಗ್ತಿತ್ತಾ? ಸುಮ್ನೆ ಮೈಮೇಲೆ ಎಳ್ಕೋಬೇಡ."

"ಒತ್ತಿದ್ರೆ ಬೀಳಲ್ಲ ಅಂತ ಗೊತ್ತಾಗ್ತಿತ್ತು. ಗೊತ್ತಾಗಿದ್ರೆ ಆ ಮೆಷಿನ್ ಬಂದ್ ಆಗ್ತಿತ್ತು. ಬಟ್ಟೆ ಹಾಕೋ ಮುಂಚೆ, ಬಾಗಿಲು ತೆಗೆದ ಕೂಡಲೇ ಒತ್ತಿದ್ರೆ ಯಾರ ಕೆಲಸವೂ ಕೆಡ್ತಿರಲಿಲ್ಲ. ಎರಡು ನಿಮಿಷ ರೀ. ಆ ಬುದ್ಧಿ ಆಗ ನನಗೆ ಹೊಳೀಲಿಲ್ಲ."

ಗಿಣಿ ಗೋಡೆಯ ಕಡೆ ಮುಖ ಮಾಡಿ ಕೂತಳು. ನಾಲ್ಕು ದಿನ ಅತ್ತಿಗೆಯ ಜೊತೆ ಮಾತಿಲ್ಲ. ಜಡೆಯನ್ನೂ ಅಣ್ಣನ ಕೈಯಲ್ಲೇ ಹಾಕಿಸಿಕೊಂಡಳು. ಅದು ಹಗ್ಗ ಹೊಸೆದ ಹಾಗೆ ಬಂತು. ಐದನೇ ದಿನ ತಾನೇ ಬಾಚಣಿಗೆ ತಂದು ಅತ್ತಿಗೆಯ ಮುಂದೆ ಕೂತಳು.

"ನಾನೂ ಒತ್ತಬೇಡಿ ಅಂದಿದ್ದೆ ಅತ್ತಿಗೆ."

"ನೀನು ಅಂದೆ. ಬರೆದವಳು ನಾನು."

"ಸಿಟ್ಟು ಇನ್ನೂ ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಕೆಲಸಕ್ಕೆ ಬಂದ ಮೇಲೆ ಗುಂಡಿ ನಾನು ಒತ್ತುತ್ತೀನಿ. ನಾನು ಒತ್ತದೆ ನೀವು ಒಂದಕ್ಷರ ಬರೆಯೋ ಹಾಗಿಲ್ಲ."

ಮರುದಿನ ಗಂಡ ತನ್ನ ಕಾರ್ಖಾನೆಯ ಕರೆಂಟ್ ಪೆಟ್ಟಿಗೆ ತೆರೆದು ನೋಡಿದ. ಅಲ್ಲಿ ಒತ್ತಲು ಗುಂಡಿಯೇ ಇರಲಿಲ್ಲ, ಸೇಫ್ಟಿ ಸ್ವಿಚ್ಚನ್ನೇ ಹಾಕಿಸಿರಲಿಲ್ಲ. ಅಲ್ಲಿನ ಮಾಲೀಕರ ಬೆನ್ನು ಹತ್ತಿ ಹಾಕಿಸಿದ. ಈಗ ಅಲ್ಲೂ ಒಂದು ಪುಸ್ತಕವಿದೆ.

ಈಗ ಲಾಂಡ್ರಿಯಲ್ಲಿ ಮೊದಲ ಸೋಮವಾರ ಬೆಳಿಗ್ಗೆ, ಒಂದು ಬಟ್ಟೆಯನ್ನೂ ಮೆಷಿನ್ನಿಗೆ ಹಾಕುವ ಮುಂಚೆ, ಗಿಣಿ ಎಡಗೈಯಲ್ಲಿ ಗುಂಡಿ ಒತ್ತುತ್ತಾಳೆ. ಟಪ್ಪೆಂದು ಸದ್ದಾಗುತ್ತದೆ. "ಬಿತ್ತು" ಎನ್ನುತ್ತಾಳೆ. ಅತ್ತಿಗೆ ಬರೆಯುತ್ತಾಳೆ. ಬೆಡ್‌ಶೀಟು ಮಡಿಸಲು ಈಗ ಇಬ್ಬರು ಬೇಕು. ಆ ಕಡೆ ಅತ್ತಿಗೆ ಹಿಡಿಯುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವು ಕೆಲಸ ಮಾಡುವ ಜಾಗದ ಕರೆಂಟ್ ಪೆಟ್ಟಿಗೆ ಎಲ್ಲಿದೆ ಎಂದು ನಿಮಗೆ ಗೊತ್ತೇ? ಅದರಲ್ಲಿ ಸೇಫ್ಟಿ ಸ್ವಿಚ್ಚು ಇದೆಯೇ? ಇಲ್ಲದಿದ್ದರೆ ಹಾಕಿಸಿ ಎಂದು ಕೇಳಿ, ಕೇಳಲು ನಾಚಿಕೆ ಬೇಡ. ಇದ್ದರೆ ಎಷ್ಟು ದಿನಕ್ಕೊಮ್ಮೆ ಗುಂಡಿ ಒತ್ತಬೇಕು, ಎಷ್ಟು ದಿನಕ್ಕೊಮ್ಮೆ ಮೀಟರ್ ಹಿಡಿದು ನೋಡಿಸಬೇಕು ಎಂದು ನಿಮ್ಮ ಎಲೆಕ್ಟ್ರಿಷಿಯನ್ನರನ್ನು ಕೇಳಿ ಗೋಡೆಗೆ ಬರೆದು ಅಂಟಿಸಿ. ಬೀಳದ ಸ್ವಿಚ್ಚಿನ ಮೆಷಿನ್ನನ್ನು, ಅದನ್ನು ಬದಲಿಸುವವರೆಗೆ, ಯಾರು ಎಷ್ಟೇ ಅವಸರ ಮಾಡಿದರೂ ಮುಟ್ಟಬೇಡಿ. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನೂ ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ಚು ಎಳೆಯಿರಿ.

ಮತ್ತೆ ಪುಸ್ತಕದಲ್ಲಿ ಸರಿ ಎಂದು ಬರೆಯಬೇಡಿ. ಅತ್ತಿಗೆಯ ಹಳೆಯ ಪುಸ್ತಕ ಈಗಲೂ ಆ ಪೆಟ್ಟಿಗೆಯ ಪಕ್ಕ ಮೊಳೆಗೆ ನೇತಾಡುತ್ತಿದೆ, ಅವಳೇ ನೇತುಹಾಕಿದ್ದು. ಅದರ ಕೊನೆಯ ಪುಟದಲ್ಲಿ ಎಲ್ಲವೂ ಸರಿ ಇದೆ, ಗಿಣಿಗೆ ಕರೆಂಟು ಹೊಡೆದ ತಿಂಗಳೂ.