ಸ್ಲ್ಯಾಬ್ ಹಾಕಿದ ದಿನ

ಉಮಾಶ್ರೀ ಫೋನನ್ನು ತಾಯಿಯ ಮುಖದ ಹತ್ತಿರ ಹಿಡಿದಾಗ ಗದಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಪರದೆಯ ಮೇಲೆ ಒಂದು ಛಾವಣಿ, ಅದರ ನಡುವೆ ಹಿಟ್ಟು ನಾದುವ ಪರಾತದಷ್ಟು ಅಗಲದ ತೇವದ ಕಲೆ.

“ನಮ್ಮ ಕಾಲೇಜಿನ ರೀಡಿಂಗ್ ಹಾಲ್ ಯವ್ವಾ. ನಾ ಮಾಡಿದ ವೆಬ್‌ಸೈಟ್ ಇದು.”

ಇತಿಹಾಸ ಕಲಿಸುವ ಅಹಲ್ಯಾ ಮೇಡಂ ಈ ಸಲ ಪ್ರಬಂಧ ಬೇಡವೆಂದಿದ್ದರು. ಒಬ್ಬೊಬ್ಬರೂ ಒಂದು ಕಟ್ಟಡದ ಚರಿತ್ರೆ ಹುಡುಕಿ ವೆಬ್‌ಸೈಟ್ ಮಾಡಬೇಕು, ಬರೆದ ಪ್ರತಿ ಮಾತಿಗೂ ಪುರಾವೆ ತೋರಿಸಬೇಕು. ಗೆಳತಿಯರು ಹಳೆಯ ಕಟ್ಟಡಗಳಿರುವ ಅಬಿಡ್ಸ್ ಕಡೆ ಓಡಿದರೆ ಉಮಾಶ್ರೀ ತಾರ್ನಾಕದ ತನ್ನ ಕಾಲೇಜಿನ ಹಾಲನ್ನೇ ಆರಿಸಿಕೊಂಡಳು. ಅದಕ್ಕೆ ಕಾಂಕ್ರೀಟು ಹೊತ್ತ ತಾಯಿ ಮನೆಯಲ್ಲೇ ಇದ್ದಳಲ್ಲ; ಅವಳ ಹೆಸರನ್ನೂ ವೆಬ್‌ಸೈಟಿನಲ್ಲಿ ಹಾಕಿದ್ದಳು.

ಕಲೆಯ ಕೆಳಗಿನ ಸಾಲನ್ನು ಅವಳು ಓದಿ ಹೇಳಿದಳು: ‘ಕಟ್ಟಿದಂದಿನಿಂದಲೂ ಈ ಛಾವಣಿ ಸೋರುತ್ತಿದೆ.’

ಗದಿಗೆಮ್ಮನ ಕೈಯಲ್ಲಿ ರೊಟ್ಟಿ ಹರಿಯಿತು.

“ಶನಿವಾರ ಅದ ಹಾಲ್‌ನಾಗ ಎಲ್ಲಾರ್ದೂ ತೋರಸ್ತಾರ. ನೀ ಬರಬೇಕು.”

“ನಾ ಒಲ್ಲೆ.”

“ಅಡ್ಮಿಷನ್‌ಗೂ ಗೇಟಿನ ಹೊರಗ ನಿಂತಿ. ಹಾಸ್ಟೆಲ್‌ನಾಗ ಅಡಗಿ ಮಾಡಾಕಿ ನನ್ನವ್ವ ಅಂತ ಹೇಳಾಕ ನನಗ ನಾಚಿಕಿ ಇಲ್ಲ, ನಿನಗ್ಯಾಕ?”

“ನಾಚಿಕಿ ಅಲ್ಲ ಹುಚ್ಚಿ, ಅಂಜಿಕಿ.”

ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ್ದನ್ನು ಗದಿಗೆಮ್ಮ ಅವತ್ತು ಹೇಳಿದಳು. ಆ ಹಾಲಿಗೆ ಸ್ಲ್ಯಾಬ್ ಹಾಕುವ ದಿನ ಕಾಯಿ ಒಡೆದು, ಕಲಸುವ ಮಶೀನಿಗೆ ಕುಂಕುಮ ಹಚ್ಚಿ, ಮೇಸ್ತ್ರಿ ಏಣಿಯ ಬುಡದಲ್ಲಿ ನಿಂತು ಹೆಂಗಸರನ್ನೆಲ್ಲ ಕೇಳಿದ್ದ: ಮುಟ್ಟಾದವರು ಯಾರಾದರೂ ಇದ್ದಾರಾ? ಇದ್ದರೆ ಮೇಲೆ ಹತ್ತಬಾರದು, ಸ್ಲ್ಯಾಬ್ ಕೆಡುತ್ತದೆ. ಅವಳು ಯಾದಗಿರಿ ಕಡೆಯಿಂದ ಈ ಶಹರಕ್ಕೆ ಬಂದು ತಿಂಗಳೂ ಆಗಿರಲಿಲ್ಲ. ಒಂದು ದಿನ ಕೂತರೆ ಮರುದಿನ ಕರೆಯುತ್ತಾರೆಂಬ ಭರವಸೆ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಸಂಜೆಯವರೆಗೂ ಬುಟ್ಟಿ ಹೊತ್ತಿದ್ದಳು. ಕೆಲವು ವರ್ಷಗಳ ಮೇಲೆ ಅದೇ ಗುಂಪಿನ ಪಾರ್ವತೆಮ್ಮ ಸಂತೆಯಲ್ಲಿ ಸಿಕ್ಕು, “ಆ ಹಾಲ್ ಭಾಳ ಸೋರಾಕತ್ತೈತಂತ” ಎಂದಾಗ ಇದು ತನ್ನಿಂದಲೇ ಎಂದುಕೊಂಡಿದ್ದಳು.

“ಯವ್ವಾ, ಅದೆಲ್ಲಾ ಸುಳ್ಳು.”

“ನೀ ಕಲತಾಕಿ, ನಿನಗ ಸುಳ್ಳು. ಸೋರೋದು ಖರೇ ಐತಲ್ಲ? ಇದನ್ನ ಅದ್ರಾಗ ಹಾಕಿಗೀಕೀ ಮತ್ತ!”

ಉಮಾಶ್ರೀ ಹಾಕಲಿಲ್ಲ. ಆದರೆ ಮರುದಿನ ಅಹಲ್ಯಾ ಮೇಡಂ ಅದೇ ಸಾಲಿನ ಮೇಲೆ ಬೆರಳಿಟ್ಟರು. ಕಟ್ಟಿದಂದಿನಿಂದ ಅಂತ ಯಾರು ಹೇಳಿದ್ದು? ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ ಎಂದಳು. ಎಲ್ಲರೂ ಹೇಳುವುದು ಪುರಾವೆಯಲ್ಲ ಎಂದು ಅವರು ಕಚೇರಿಯ ಹಳೆಯ ಕಡತಗಳ ಕೋಣೆಗೆ ಚೀಟಿ ಬರೆದುಕೊಟ್ಟರು. ಎರಡು ದಿನ ಸೀನುತ್ತ ಕೂತು ಹುಡುಕಿದವಳು ಗುರುವಾರ ಮಲ್ಕಾಜ್‌ಗಿರಿಯ ಮನೆಗೆ ಹೆಚ್ಚುಕಡಿಮೆ ಓಡುತ್ತಲೇ ಬಂದಳು.

“ಮೊದಲ ನಾಕು ಮಳಿಗಾಲ ಒಂದ್ ಹನಿ ಸೋರಿಲ್ಲ ಯವ್ವಾ! ಲೈಬ್ರರಿಯವ್ರು ವರ್ಷಾ ವರ್ಷಾ ಬರದಿಟ್ಟಾರ. ಐದನೇ ವರ್ಷ ಮ್ಯಾಲೆ ನೀರಿನ ಟಾಕಿ ಇಟ್ರು. ಅದರ ಪೈಪ್ ಕೂಡಿಸಿದಲ್ಲೇ ಬಿರುಕು ಬಿಟ್ಟೈತಿ. ಇಂಜಿನಿಯರ್ ಸಹಿ ಮಾಡ್ಯಾನ, ನೋಡಿಲ್ಲಿ.”

ಫೋನಿನಲ್ಲಿ ಇಂಗ್ಲಿಷ್ ಕಾಗದದ ಚಿತ್ರ. ಗದಿಗೆಮ್ಮ ಅದರ ಮೊಹರಿನ ಮೇಲೆ ಹಿಟ್ಟಿನ ಬೆರಳು ಆಡಿಸಿದಳು. ನಗು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಿಟ್ಟು. ಅದೂ ತನಗಾಗಿ ಅಲ್ಲ.

“ತಾರಾ ಅಂತ ಇದ್ಲು,” ಎಂದಳು. “ಅವತ್ತ ನನ್ನ ಹಿಂದ ನಿಂತಿದ್ಲು. ಮೇಸ್ತ್ರಿ ಕೇಳಿದಾಗ ಖರೇ ಹೇಳಿಬಿಟ್ಲು. ಮರುದಿನ ಅಕಿ ಬುಟ್ಟಿ ಬ್ಯಾರೆಯಾಕಿ ಕೈಯಾಗಿತ್ತು. ಎಲ್ಲಿ ಹೋದ್ಲೋ. ಅಕಿನ ಛಲೋ ಮಾಡಿದ್ಲು, ನಾನ ಪಾಪಿ ಅಂತ ಇಷ್ಟ ವರ್ಷ ತಿಳಕೊಂಡಿದ್ದೆ. ಏನೂ ಇಲ್ಲದ್ದಕ್ಕ ಅಕಿ ಕೆಲಸ ಹೋತು ನೋಡು.”

ಗದಿಗೆಮ್ಮ ಫೋನನ್ನು ಮಗಳ ಕಡೆ ಸರಿಸಿದಳು.

“ನನ್ನ ಹೆಸರು ಹಾಕಿದಲ್ಲೇ ಅಕಿ ಹೆಸರೂ ಹಾಕು. ಅಕಿ ಯಾಕ ಮ್ಯಾಲೆ ಹತ್ತಲಿಲ್ಲ ಬರಿ. ನಾ ಹ್ಯಾಂಗ ಹತ್ತಿದೆ ಅದನ್ನೂ ಬರಿ.”

“ಮೇಡಂ ಪುರಾವೆ ಕೇಳ್ತಾರ ಯವ್ವಾ. ತಾರಾನ್ನ ಎಲ್ಲಿಂದ ತರೋಣ?”

ಗದಿಗೆಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

“ಶನಿವಾರ ನಾ ಬರ್ತೀನಲ್ಲ. ನಮ್ಮವ್ವನ್ನ ಕೇಳ್ರಿ ಅನ್ನು.”