ಮೆಂತ್ಯದ ಮಡಿಗೆ ಬಿಸಿನೀರು

ರಾಜೇಶ್ವರಿ ಹಿತ್ತಲ ಕಲ್ಲಿನ ಮೇಲೆ ಕೊತ್ತಂಬರಿ ಬೀಜ ಹರವಿ, ಹಳೆಯ ಚಪ್ಪಲಿಯಿಂದ ಮೆಲ್ಲಗೆ ತಿಕ್ಕುತ್ತಿದ್ದಳು. ಕಾಳು ಎರಡು ಹೋಳಾಗಬೇಕು, ನುಚ್ಚಾಗಬಾರದು. ಅರ್ಧ ತಿಕ್ಕಿದ್ದಳಷ್ಟೇ, ಗಂಡ ನಿಜಗುಣಪ್ಪ ಬಾಗಿಲಲ್ಲಿ ನಿಂತ.

“ಏನ್ ಮತ್ತ ಶುರು ಹಚ್ಚಿದಿ? ನಾಳೆ ಸೋಯಾ ಹೊಟ್ಟಿನ ಟ್ರ್ಯಾಕ್ಟರ್ ಬರತೈತಿ. ಬಣವಿ ಇಲ್ಲೇ ಒಟ್ಟಬೇಕು.”

“ಒಂದೆರಡು ತಪ್ಪಲದ ಮಡಿಗೆ ಜಾಗಾ ಬಿಡ್ರಿ, ಸಾಕು.”

ಬಚ್ಚಲ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಸೋಮವ್ವ ಬಾಯಿ ಹಾಕಿದಳು. “ಹೋದ ವರ್ಷನೂ ಹಿಂಗ ಅಂದಿದ್ದಿ. ಮೆಂತೆ ಎರಡ ಎಲಿ ಬಿಟ್ಟು ನೆಲಾ ಹಿಡೀತು. ಎಳ್ಳಮಾಸಿಗೆ ಭೂಮ್ತಾಯಿಗೆ ಚರಗಾ ಚೆಲ್ಲಾಕ ಹೊಲಕ್ಕ ಹೋದ್ರ ಊರ ಮಂದಿ ಬುಟ್ಟ್ಯಾಗೆಲ್ಲಾ ಹಸಿ ತಪ್ಪಲ, ನಮ್ಮ ಬುಟ್ಟ್ಯಾಗ ಒಂದ ಎಸಳಿಲ್ಲ. ಅದಕ್ಕ ಕೈಗುಣಾ ಬೇಕವ್ವಾ.”

“ಹೊಟ್ಟು ಬರೂದ್ರಾಗ ಏನ್ ಮಾಡತೀರೋ ಮಾಡ್ರಿ,” ಎಂದು ನಿಜಗುಣಪ್ಪ ಹೊಲದ ಕಡೆ ಹೋದ.

ಕೈಗುಣ. ಆ ಒಂದು ಮಾತು ವರ್ಷವಿಡೀ ರಾಜೇಶ್ವರಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಹೊಲ ಗಂಡನದು, ಅಡುಗೆಮನೆಯ ಡಬ್ಬಿಗಳೆಲ್ಲ ಅತ್ತೆ ಇಟ್ಟ ಜಾಗದಲ್ಲೇ ಇರಬೇಕು. ಮುಂಜಾನೆ ಯಾರೂ ಕರೆಯುವ ಮೊದಲು ಬಂದು ಕೂರಲು ಅವಳಿಗಿದ್ದದ್ದು ಈ ಹಿತ್ತಲೊಂದೇ. ಬಣವೆ ಬಿದ್ದರೆ ಅದೂ ಇಲ್ಲ.

ಆ ಹೊತ್ತಿಗೆ ಮಹಿಳಾ ಸಂಘದ ಗೆಳತಿ ಯಶೋಧಾ ಹೆಪ್ಪು ಕೇಳಿಕೊಂಡು ಬಂದಳು. ದೀಪಾವಳಿ ಕಳೆದ ಮೇಲೆ ಸಂಪಗಾಂವದ ಎಷ್ಟೋ ಹಿತ್ತಲುಗಳು ಬೋಳಾದರೂ ಅವಳದು ಹಸಿರಾಗಿರುತ್ತಿತ್ತು.

“ನೀನರ ಹೇಳ ಯಶೋಧಾ,” ಎಂದಳು ಸೋಮವ್ವ. “ಇಂಥಾ ಚಳ್ಯಾಗ ಏನ್ ಬೆಳೀತೈತಿ? ನಮಗ ಥಂಡಿ ಹತ್ತತೈತಿ, ಪಾಪ, ಸಸಿಗೆ ಹತ್ತಂಗಿಲ್ಲೇನು?”

ಯಶೋಧಾ ನಕ್ಕಳು. “ಸಸಿ ಏನ್ ನಿಮ್ಮ ಮೊಮ್ಮಗಾ ಏನ್ರಿ ಸೋಮತ್ತಿ, ಸ್ವೆಟರ್ ಹಾಕಾಕ? ಹೀರಿ, ಸವತಿ, ಬೆಂಡಿಗೆ ಚಳಿ ಆಗಂಗಿಲ್ಲ, ಖರೆ. ಆದ್ರ ಮೆಂತೆ, ಪಾಲಕ, ಕೊತ್ತಂಬರಿ, ಸಬ್ಬಸಗಿ, ಮೂಲಂಗಿ, ಗಜ್ಜರಿ ಚಳೀನ ಬೇಡತಾವ. ಬ್ಯಾಸಗ್ಯಾಗ ಹಾಕಿದ್ರ ಕೊತ್ತಂಬರಿ ಲಗೂನ ಹೂವಿಗೆ ನಿಲ್ಲತೈತಿ. ಥಂಡ್ಯಾಗ ಸಾವಕಾಶ ಬೆಳೀತೈತಿ, ಎಲಿ ಎಳೇದ ಇರತಾವ.”

“ಹಂಗಾದ್ರ ನಮ್ಮವ್ಯಾಕ ಸತ್ತು ಯಶೋಧಕ್ಕಾ?” ರಾಜೇಶ್ವರಿ ಕೇಳಿದಳು.

“ಮಡಿ ಎಲ್ಲಿ ಮಾಡಿದ್ದಿ?”

“ಅಲ್ಲೇ, ಬಚ್ಚಲ ಗ್ವಾಡಿ ಬಾಜೂಕ. ದಿನಾ ಮುಂಜಾನೆ ನಳದ ನೀರು ಹಾಕತಿದ್ದೆ.”

“ಸಂಜಿಕ?”

“ಸಂಜಿಕ ನಾ ಹಾಕಿಲ್ಲ.”

ಸೋಮವ್ವ ಸೆರಗು ಸರಿಮಾಡಿಕೊಂಡಳು. “ನಾ ಹಾಕತಿದ್ದೆ,” ಎಂದಳು. “ಹಂಡ್ಯಾಗ ಉಳಿದ ನೀರು, ದಿನಾ ಒಂದ ಬಕೀಟ. ಬಿಸೀದು. ರಾತ್ರಿ ಬೆಚ್ಚಗ ಇರಲಿ ಅಂತ.”

ಯಶೋಧಾಳಿಗೆ ನಗು ಬಂದಿತ್ತು. ಸೋಮವ್ವನ ಮುಖ ನೋಡಿ ನುಂಗಿಕೊಂಡಳು.

“ಜೀವಾ ಹಿಡಿದು ಮಾಡೀರಿ ಅತ್ತಿ. ಆದ್ರ ಬಿಸಿನೀರಿಗೆ ಎಳೇ ಬೇರು ಬೇಯತೈತಿ. ತಣ್ಣೀರಾದ್ರೂ ಸಂಜಿಕ ಬ್ಯಾಡ. ರಾತ್ರಿಯೆಲ್ಲಾ ಎಲಿ ಹಸೀ ಉಳಿದ್ರ ರೋಗ ಹತ್ತತೈತಿ, ಬುಡಾ ಕೊಳೀತೈತಿ. ಬಿಸಲು ಬಿದ್ದ ಮ್ಯಾಲ ಹಾಕ್ರಿ, ಬುಡಕ್ಕ ಅಷ್ಟ.”

ಆಮೇಲೆ ಅವಳು ಹಿತ್ತಲಲ್ಲಿ ಅಡ್ಡಾಡಿ ಜಾಗ ತೋರಿಸಿದಳು. ಮಡಿ ಬಚ್ಚಲಿನಿಂದ ದೂರ, ಮುಂಜಾನೆಯ ಬಿಸಿಲು ಬೀಳುವಲ್ಲಿ ಇರಲಿ. ಹಳೆಯ ತಿಪ್ಪೆಗೊಬ್ಬರ ಬೆರೆಸಲಿ. ಸಾಲುಗಳ ನಡುವೆ ಕಬ್ಬಿನ ಒಣ ಗರಿಯ ರವದಿ ಹಾಸಿದರೆ ಚಳಿಗಾಲದ ಒಣಗಾಳಿಗೆ ನೆಲ ಬಿರಿಯುವುದಿಲ್ಲ.

“ಒಮ್ಮೇಲೆ ಎಲ್ಲಾ ಬಿತ್ತಬ್ಯಾಡ ರಾಜಿ. ಇವತ್ತ ಒಂದ ಸಾಲು, ಎಂಟತ್ತ ದಿನಾ ಬಿಟ್ಟು ಇನ್ನೊಂದು. ಮೆಂತೆ, ಪಾಲಕ ಕಿತ್ತಬ್ಯಾಡ, ಬುಡಾ ಎರಡ ಬಟ್ಟ ಬಿಟ್ಟು ಕೊಯ್ಯಿ. ಮತ್ತ ಚಿಗಿತೈತಿ.”

“ಬಣವಿ?” ಎಂದಳು ರಾಜೇಶ್ವರಿ.

ಉತ್ತರ ಬಂದದ್ದು ಸೋಮವ್ವನಿಂದ. “ಉತ್ತರದ ಗ್ವಾಡಿಗೆ ಒಟ್ಟಲಿ. ಅಲ್ಲಿ ಬಿಸಲಿಗೆ ಅಡ್ಡ ಆಗಂಗಿಲ್ಲ. ನಿಜಗುಣಗ ನಾ ಹೇಳತೇನಿ.”

ಮರುದಿನ ಹೊಟ್ಟು ಉತ್ತರದ ಗೋಡೆಗೆ ಬಿತ್ತು.

ಬಿತ್ತಿದ ಮೆಂತ್ಯ, ಮೂಲಂಗಿ ಎದ್ದವು, ಕೊತ್ತಂಬರಿ ತಡವಾಗಿ ಎದ್ದಿತು. ಒಂದು ಸಂಜೆ ಸೋಮವ್ವ ಹಂಡೆಯ ನೀರಿನ ಬಕೆಟ್ ಹಿಡಿದು ಹಿತ್ತಲ ಬಾಗಿಲವರೆಗೆ ಬಂದದ್ದನ್ನು ರಾಜೇಶ್ವರಿ ಒಳಗಿನಿಂದ ಕಂಡಳು. ಮುದುಕಿ ಮಡಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಲ್ಲೇ ಕುಳಿತು, ಆ ನೀರಿನಲ್ಲಿ ತನ್ನ ಕಾಲು ತೊಳೆದುಕೊಂಡಳು.

ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಸಜ್ಜಿರೊಟ್ಟಿಯ ಪಕ್ಕ ಎಳೆ ಮೆಂತ್ಯ, ಮೂಲಂಗಿ, ಕೊತ್ತಂಬರಿ. ಪಕ್ಕದ ಹೊಲದವರೂ ಬಂದು ಕುಳಿತರು.

ನಿಜಗುಣಪ್ಪ ಮೂಲಂಗಿ ಕಡಿದು, “ಎಷ್ಟ ಚಲೋ ಬಂದೈತಿ!” ಎಂದ. “ಮತ್ತ ಹೋದ ವರ್ಷ ಏನಾಗಿತ್ತ?”

ಸೋಮವ್ವನ ಕೈಯಲ್ಲಿನ ರೊಟ್ಟಿ ಅರ್ಧಕ್ಕೇ ನಿಂತಿತು. ರಾಜೇಶ್ವರಿಯ ನಾಲಿಗೆಯ ತುದಿಯಲ್ಲಿ ಕೈಗುಣದ ಮಾತಿಗೆ ಉತ್ತರವಿತ್ತು. ಸುತ್ತ ಕೇಳಲು ಮಂದಿಯೂ ಇದ್ದರು.

“ಜಾಗಾ ಸರಿ ಇದ್ದಿದ್ದಿಲ್ರಿ,” ಎಂದಳು. “ಬಚ್ಚಲದ ನೀರು ಹರೀತಿತ್ತು.”

ಸೋಮವ್ವ ತಲೆ ಎತ್ತಲಿಲ್ಲ. ಬುಟ್ಟಿಯಲ್ಲಿನ ಎಳೆಯ ಮೂಲಂಗಿಯನ್ನು ಹುಡುಕಿ ಸೊಸೆಯ ರೊಟ್ಟಿಯ ಮೇಲಿಟ್ಟಳು. “ತಿನ್ನು. ಬೆಳದಾಕಿ ಮೊದಲ ತಿನ್ನಬೇಕು,” ಎಂದಳು. ಮಗನ ಕಡೆ ತಿರುಗಿ, “ಬಣವಿ ಇನ್ನ ಮ್ಯಾಲೆ ಅಲ್ಲೇ ಒಟ್ಟೋ. ಈ ಕಡೆ ಜಾಗಾ ಆಕೀದು.”

ಹಂಡೆಯ ನೀರಿನ ಮಾತನ್ನು ಎಂದೂ ಎತ್ತುವುದಿಲ್ಲವೆಂದು, ಮೂಲಂಗಿ ಕಡಿಯುತ್ತಲೇ ರಾಜೇಶ್ವರಿ ನಿರ್ಧರಿಸಿದಳು. ಆ ನಿರ್ಧಾರವನ್ನು ಯಶೋಧಾಳಿಗೂ ಹೇಳಲಿಲ್ಲ.

ಅಕ್ಕತಂಗಿಯರೇ, ನಾವು ನಿಮಗೆ ಹೇಳುವುದಿಷ್ಟು. ನಿಮ್ಮ ಹಿತ್ತಲಲ್ಲಿ ಸಸಿ ಸತ್ತಿದ್ದರೆ ಯಾರ ಕೈಗುಣವನ್ನೂ ದೂರಬೇಡಿ. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಯಾವಾಗ ಬೀಳುತ್ತದೆ ನೋಡಿ. ಚಳಿ ಬಂತೆಂದು ಮಡಿ ಕೆಡಿಸಬೇಡಿ. ಇವತ್ತು ರಾತ್ರಿ ಒಂದು ಹಿಡಿ ಮೆಂತ್ಯ ನೆನೆಹಾಕಿ, ಮುಂಜಾನೆ ಬಿಸಿಲು ಬಿದ್ದ ಮೇಲೆ ಬಿತ್ತಿ ಬನ್ನಿ.