ಉದಯನ ನೈಟ್ರೋಜನ್ ಕ್ಯಾನು

ಸಿದ್ದಾಪುರ ತಾಲೂಕಿನ ಹದಿನೆಂಟು ಹಳ್ಳಿಗಳಲ್ಲಿ ಯಾವ ಹಸು ಗಬ್ಬವಾದರೂ ಅದಕ್ಕೆ ತಾನೇ ಜವಾಬ್ದಾರ ಎಂದು ಉದಯ ನಾಯ್ಕ ಹೇಳಿಕೊಂಡು ನಗುತ್ತಿದ್ದ. ಮಾತು ಸುಳ್ಳಲ್ಲ. ಕೃತಕ ಗರ್ಭಧಾರಣೆ ಮಾಡುವ ಕೆಲಸ ಅವನದು. ಬೈಕಿನ ಹಿಂದೆ ಹಗ್ಗ ಬಿಗಿದು ಕಟ್ಟಿದ ಒಂದು ಅಲ್ಯೂಮಿನಿಯಂ ಕ್ಯಾನು, ಅದರ ತುಂಬ ಮಂಜಿಗಿಂತಲೂ ಎಷ್ಟೋ ಪಾಲು ತಣ್ಣಗಿನ ದ್ರವ ನೈಟ್ರೋಜನ್, ಅದರಲ್ಲಿ ಮುಳುಗಿ ಕೂತ ಹೋರಿಯ ವೀರ್ಯದ ಸಣ್ಣ ಸಣ್ಣ ಕಡ್ಡಿಗಳು. ನೈಟ್ರೋಜನ್ ಮುಗಿಯುವ ಮೊದಲೇ ಶಿರಸಿಯಿಂದ ಗಾಡಿ ಬಂದು ತುಂಬಿಸಿಕೊಟ್ಟು ಹೋಗುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಹೆಂಡತಿ ಚೇತನಾ ಮಾತ್ರ ಯಲ್ಲಾಪುರದ ತವರಿಗೆ ಹೋದಾಗ, "ಯಾರಾದ್ರೂ ಎಂತ ಕೆಲಸ ಅಂತ ಕೇಳಿದ್ರೆ ಹಾಲಿನ ಡಿಪಾರ್ಟ್‌ಮೆಂಟು ಅಂತ ಹೇಳಿ, ವಿವರ ಬೇಡ" ಎಂದು ದಾರಿಯಲ್ಲೇ ತಾಕೀತು ಮಾಡುತ್ತಿದ್ದಳು.

ಆ ದಿನ ಬೆಳಿಗ್ಗೆ ಆರೂವರೆಗೆ ನಿಲ್ಕುಂದದಿಂದ ಕಾವ್ಯಶ್ರೀ ಫೋನು ಮಾಡಿದಳು. ಅವಳ ಅತ್ತೆ ದುರ್ಗಮ್ಮನ ಕೆಂಪಿ ಹಸು ರಾತ್ರಿಯಿಂದ ಕೂಗುತ್ತಿದೆ, ಬೆದೆಗೆ ಬಂದಿದೆ. ಹಿಂದಿನ ಎರಡು ಸಲ ಕೆಂಪಿಗೆ ಗಬ್ಬ ನಿಂತಿರಲಿಲ್ಲ. ಈ ಸಲವೂ ತಪ್ಪಿದರೆ ಅತ್ತೆ ಹಸುವನ್ನೇ ಮಾರಿಬಿಡುತ್ತಾರೆ ಎಂದು ಕಾವ್ಯಶ್ರೀಗೆ ಭಯ. "ಸಂಜೆ ಒಳಗೆ ಬಂದೇ ಬರ್ತೆ, ಹೆದರಬೇಡ" ಎಂದು ಉದಯ ಹೊರಟ.

ದಾರಿಯಲ್ಲಿ ಹಾಲಿನ ಡೇರಿಯ ಮುಂದೆ ಬೈಕು ನಿಲ್ಲಿಸಿದ್ದೇ ತಪ್ಪಾಯಿತು. ಡೇರಿಯ ಸೆಕ್ರೆಟರಿ ಸುಭಾಷ ಹಾಲು ಅಳೆಯುವುದನ್ನು ಬಿಟ್ಟು ಪೇಪರು ಓದುತ್ತಿದ್ದ. ಓದುವುದೆಂದರೆ ಅವನಿಗೆ ಊರಿಗೆಲ್ಲ ಕೇಳಿಸಬೇಕು.

"ಕೇಳ್ರೋ. ಅಮೆರಿಕದಲ್ಲಿ ಮತ್ತೊಬ್ಬ ಕೈದಿಗೆ ಮರಣದಂಡನೆ. ಹಗ್ಗ ಇಲ್ಲ, ಕರೆಂಟಿನ ಕುರ್ಚಿ ಇಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ ನೈಟ್ರೋಜನ್ ಗಾಳಿ ಬಿಡೋದು. ಹೊಸ ವಿಧಾನ. ನೋವೇ ಇಲ್ಲ ಅಂತ ಅಲ್ಲಿನ ಸರ್ಕಾರ. ಸುಮಾರು ಹೊತ್ತು ಒದ್ದಾಡಿದ ಅಂತ ಎದುರು ಕೂತು ನೋಡಿದೋರು."

ಹಾಲು ತಂದು ಸಾಲಿನಲ್ಲಿ ನಿಂತವರಿಗೆಲ್ಲ ಮಾತು ಬಂತು. ಹಗ್ಗವೇ ಸರಿ, ಅದರಲ್ಲಿ ಮೋಸವಿಲ್ಲ ಎಂದ ಒಬ್ಬ. ಗುಂಡು ಹೊಡೆಯಬೇಕು ಎಂದ ಇನ್ನೊಬ್ಬ. ನಮ್ಮಲ್ಲೂ ಹಗ್ಗ ಬಿಟ್ಟು ಬೇರೆ ದಾರಿ ಹುಡುಕಬೇಕೆಂದು ಸುಪ್ರೀಂ ಕೋರ್ಟಿಗೆ ಯಾರೋ ಹೋಗಿದ್ದಾರೆ ಎಂದು ಸುಭಾಷ ತಿಳಿಸಿದ. ಉದಯನೂ ಸುಮ್ಮನಿರಲಿಲ್ಲ. ಹೆಲ್ಮೆಟ್ಟು ತೆಗೆಯುತ್ತ, "ನನ್ನ ಕೇಳಿದ್ರೆ ಇಂಜೆಕ್ಷನ್ನೇ ವಾಸಿ. ಒಂದು ಚುಚ್ಚು, ಕತೆ ಮುಗೀತು" ಎಂದ.

"ನೀ ಗಬ್ಬದ ಇಂಜೆಕ್ಷನ್ ಕೊಡೋ ಮನುಷ್ಯ, ನೀ ಹಂಗೇ ಹೇಳೋದು" ಎಂದ ಸುಭಾಷನಿಗೆ ಆಗ ಏನೋ ಹೊಳೆಯಿತು. ಅವನ ಕಣ್ಣು ಬೈಕಿನ ಹಿಂಬದಿಗೆ ಹೋಯಿತು. "ತಡಿ ಮಾರಾಯ. ನಿನ್ನ ಕ್ಯಾನಲ್ಲಿರೋದೂ ನೈಟ್ರೋಜನ್ನೇ ಅಲ್ದನಾ?"

"ಹೌದು, ಅದೇ."

ಎಲ್ಲರೂ ಹೋ ಎಂದು ನಕ್ಕರು. ಉದಯನೂ ನಕ್ಕ. ಆದರೆ ಸುಭಾಷ ಅಷ್ಟಕ್ಕೆ ಬಿಡುವವನಲ್ಲ. ಡೇರಿಯ ವಾಟ್ಸಾಪ್ ಗುಂಪಿಗೆ ತಮಾಷೆಗೆಂದು ಒಂದು ಧ್ವನಿ ಸಂದೇಶ ಹಾಕಿದ: ಅಮೆರಿಕದವರು ಮನುಷ್ಯರನ್ನು ಕೊಲ್ಲುವ ಗಾಳಿ ನಮ್ಮ ಉದಯನ ಬೈಕಿನಲ್ಲಿ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ, ಕೊಟ್ಟಿಗೆ ಕಿಟಕಿ ತೆರೆದಿಡಿ.

ಉದಯ ದುರ್ಗಮ್ಮನ ಮನೆ ಮುಟ್ಟುವುದರೊಳಗೆ ಆ ಸಂದೇಶ ಮುಟ್ಟಿತ್ತು. ದುರ್ಗಮ್ಮ ಅಂಗಳದ ಬೇಲಿಬಾಗಿಲಾದ ದಣಪೆಗೆ ಅಡ್ಡ ಗಳ ಹಾಕಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ಮೂರು ಎಕರೆ ಗದ್ದೆ, ನಾಲ್ಕು ಹಸು, ಒಬ್ಬ ಮಗ, ಒಬ್ಬ ಸೊಸೆ, ಎಲ್ಲರೂ ಅವಳ ಒಂದೇ ಕೂಗಿಗೆ ಓಡಿ ಬರುತ್ತಿದ್ದರು.

"ಅಲ್ಲೇ ನಿಲ್ಲು ತಮಾ. ಆ ಕ್ಯಾನು ಒಳಗೆ ತರಬೇಡ."

"ದುರ್ಗಕ್ಕಾ, ಎಂತ ಇದು? ಹತ್ತೊಂಬತ್ತು ವರ್ಷದಿಂದ ತರ್ತಾ ಇದ್ದಿದ್ದೇ ಅಲ್ದಾ?"

"ಆಗ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ಕೆಂಪಿಗೆ ಎರಡು ಸಲ ಗಬ್ಬ ಯಾಕೆ ನಿಲ್ಲಲಿಲ್ಲ ಅಂತಾನೂ ಗೊತ್ತಾಯ್ತು. ಮನುಷ್ಯನ ಜೀವ ತೆಗೆಯೋ ಗಾಳಿಲಿ ಅದ್ದಿಟ್ಟ ಬೀಜ ಮೊಳೀತದನಾ?"

ಉದಯ ಬಿಸಿಲಲ್ಲಿ ನಿಂತು ಅರ್ಧ ಗಂಟೆ ಪಾಠ ಹೇಳಿದ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್ನೇ ಎಂದ. ಹಸುವಿನ ಮೈಗೆ ಅದು ತಾಗುವುದೇ ಇಲ್ಲ, ಕಡ್ಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಹಾಕುವುದು ಎಂದ. ದುರ್ಗಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಬಾಗಿಲು ಹಾಕಿದ ಕೋಣೆಲಿ ಅದನ್ನ ಚೆಲ್ಲಿದ್ರೆ ಮನುಷ್ಯ ಸಾಯ್ತಾನೋ ಇಲ್ವೋ? ಅಷ್ಟು ಹೇಳು."

ಉದಯನಿಗೆ ಸುಳ್ಳು ಹೇಳಲು ಬರಲಿಲ್ಲ. ತರಬೇತಿಯಲ್ಲಿ ಮೊದಲ ದಿನವೇ ಅದನ್ನು ಹೇಳಿಕೊಟ್ಟಿದ್ದರು. "ಬಾಗಿಲು ಕಿಟಕಿ ಎಲ್ಲ ಮುಚ್ಚಿ ತುಂಬಾ ಚೆಲ್ಲಿದ್ರೆ ಸಾಯ್ತಾನೆ" ಎಂದ.

"ಆಯ್ತಲ, ಹೋಗ್ಬಾ" ಎಂದು ದುರ್ಗಮ್ಮ ಒಳಗೆ ನಡೆದಳು. ಕೊಟ್ಟಿಗೆಯಲ್ಲಿ ಕೆಂಪಿ ಒಂದೇ ಸಮನೆ ಕೂಗುತ್ತಿತ್ತು. ಸೊಸೆ ಕಾವ್ಯಶ್ರೀ ಬಾಗಿಲ ಸಂದಿಯಿಂದ ಕೈ ಜೋಡಿಸಿ, ಹೇಗಾದರೂ ಮಾಡು ಎಂಬಂತೆ ಸನ್ನೆ ಮಾಡಿದಳು.

ಮಧ್ಯಾಹ್ನದೊಳಗೆ ಇನ್ನೂ ಮೂರು ಮನೆಯವರು ಫೋನು ಮಾಡಿ, ಇವತ್ತು ಬೇಡ, ಹೇಳಿ ಕಳಿಸ್ತೀವಿ ಎಂದರು. ಉದಯ ಮರದ ಕೆಳಗೆ ಬೈಕು ನಿಲ್ಲಿಸಿ ಬುತ್ತಿ ಬಿಚ್ಚಿ, ಉಣ್ಣದೆ ಮತ್ತೆ ಕಟ್ಟಿಟ್ಟ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಂಥದ್ದೇನೋ ಆಗಿತ್ತು. ತನ್ನ ಕ್ಯಾನಿನ ಮೇಲೆ ಯಾರೋ ಎಲ್ಲೋ ಕುಳಿತು ಮಸಿ ಬಳಿದಂತೆ. ಕೊನೆಗೆ ಎದ್ದು ಸುಭಾಷನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಸುಭಾಷ ಪೆಚ್ಚಾಗಿ, "ಸಂಜೆ ಹಾಲಿನ ಹೊತ್ತಿಗೆ ಎಲ್ಲರೂ ಬರ್ತಾರೆ. ಎಲ್ಲರ ಮುಂದೆ ಕ್ಯಾನು ತೆರೆದು ತೋರಿಸು. ತಪ್ಪಾಯ್ತು ಅಂತ ನಾನೂ ಹೇಳ್ತೆ" ಎಂದ.

ಸಂಜೆ ನಾಲ್ಕೂವರೆಗೆ ಡೇರಿಯ ಅಂಗಳದಲ್ಲಿ ನಲವತ್ತು ಜನ ಸೇರಿದರು. ದುರ್ಗಮ್ಮ ಹಾಲಿನ ಕ್ಯಾನು ಹಿಡಿದು ಮುಂದೆಯೇ ನಿಂತಿದ್ದಳು. ಉದಯ ಮುಚ್ಚಳ ತೆಗೆದ. ಬಿಳಿ ಹೊಗೆ ಕ್ಯಾನಿನ ಕುತ್ತಿಗೆಯಿಂದ ಉಕ್ಕಿ ನೆಲಕ್ಕೆ ಹರಿಯಿತು. ಹೆಂಗಸರು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು. ಒಂದು ಲೋಟದಷ್ಟನ್ನು ಅವನು ಅಂಗಳಕ್ಕೆ ಚೆಲ್ಲಿದ. ಅದು ಚಟಪಟ ಎನ್ನುತ್ತ ಗೋಲಿಗಳಂತೆ ಉರುಳಾಡಿ ನೋಡುನೋಡುತ್ತಲೇ ಮಾಯವಾಯಿತು. ನೆಲ ಒದ್ದೆ ಕೂಡ ಆಗಲಿಲ್ಲ. ಬಯಲಲ್ಲಿ ಇದು ಗಾಳಿಗೆ ಗಾಳಿಯಾಗಿ ಹೋಗುತ್ತದೆ ಎಂದು ಅವನು ವಿವರಿಸುತ್ತಿದ್ದ.

ಅಷ್ಟು ಕೇಳುವಷ್ಟರಲ್ಲಿ ಜನಕ್ಕೆ ಬೆಳಗಿನ ಚರ್ಚೆ ನೆನಪಾಯಿತು. ಒಬ್ಬನು ಇದರಲ್ಲಿ ಸಾಯಲು ಎಷ್ಟು ಹೊತ್ತು ಬೇಕು ಎಂದ. ಇನ್ನೊಬ್ಬನು ಹಗ್ಗಕ್ಕಿಂತ ಬೇಗವೋ ಎಂದ. ಕ್ಷಮೆ ಕೇಳಲು ಎದ್ದ ಸುಭಾಷನೇ ಎಲ್ಲ ಮರೆತು, ಹಗ್ಗ, ಸೂಜಿ, ಗುಂಡು, ಗಾಳಿ ಎಂದು ಬೆರಳು ಮಡಿಸುತ್ತ ನಿಂತ. ಸಾಲಿನ ಕೊನೆಯಲ್ಲಿದ್ದವನ ಕಡೆ ತಿರುಗಿ, "ನೀ ಎಂತ ಹೇಳ್ತೆ ಮಂಜಣ್ಣ? ಯಾವ್ದು ಸಮಾ?" ಎಂದು ಕೇಳಿಯೇಬಿಟ್ಟ.

ಕೇಳಿದ ಮೇಲೆ ಅವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಮಂಜನಿಗೆ ಅರವತ್ತು ವರ್ಷ. ಇಪ್ಪತ್ತೆರಡರ ವಯಸ್ಸಿನಲ್ಲಿ ಘಟ್ಟದ ಮೇಲಿನ ಯಾವುದೋ ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಜಗಳದಲ್ಲಿ ಕೊಡಲಿ ಎತ್ತಿದ್ದ. ಎದುರು ಬಿದ್ದ ಅಣ್ಣ ತಮ್ಮ ಇಬ್ಬರು ಸತ್ತರು. ಜಿಲ್ಲಾ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತು. ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಹದಿನಾರು ವರ್ಷ ಜೈಲಿನಲ್ಲಿದ್ದು ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಎರಡು ಎಮ್ಮೆ, ಒಂದಿಷ್ಟು ತರಕಾರಿ, ಅವನಷ್ಟಕ್ಕೆ ಅವನು. ಹಾಯುವ ಎಮ್ಮೆಯಾಗಲೀ ಒದೆಯುವ ಹಸುವಾಗಲೀ ಮಂಜ ಬಂದು ಕುತ್ತಿಗೆ ಕೆರೆದರೆ ತಣ್ಣಗೆ ನಿಲ್ಲುತ್ತಿದ್ದವು. ದನ ಹಿಡಿಯಲು ಉದಯ ಅವನನ್ನು ನೂರಾರು ಸಲ ಕರೆದುಕೊಂಡು ಹೋಗಿದ್ದ. ಆ ಹಳೆಯ ವಿಷಯವನ್ನು ಮಾತ್ರ ಇಷ್ಟು ವರ್ಷದಲ್ಲಿ ಯಾರೂ ಅವನ ಮುಂದೆ ಎತ್ತಿರಲಿಲ್ಲ. ಒಂದು ಚುಚ್ಚು, ಕತೆ ಮುಗೀತು ಎಂದು ಬೆಳಿಗ್ಗೆ ತಾನೇ ಆಡಿದ ಮಾತು ನೆನಪಾಗಿ ಉದಯನ ಕಿವಿ ಬಿಸಿಯಾಯಿತು.

ಮಂಜ ಹಾಲಿನ ಕ್ಯಾನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಕೇಳಿದ್ದು ಸರೀನೇ. ಇಷ್ಟು ಜನರಲ್ಲಿ ಅದರ ಬಗ್ಗೆ ಗೊತ್ತಿರೋನು ನಾನೊಬ್ಬನೇ ಅಲ್ದಾ?" ಎಂದ. ಯಾರೂ ನಗಲಿಲ್ಲ. ಅವನೇ ಸ್ವಲ್ಪ ನಕ್ಕ. "ಗಲ್ಲಿಗೆ ಮೊದಲು ತೂಕ ನೋಡ್ತಾರೆ, ತೂಕದ ಮೇಲೆ ಹಗ್ಗದ ಉದ್ದ. ನನ್ನ ಪಕ್ಕದ ಸೆಲ್ಲಲ್ಲಿ ಒಬ್ಬ ಇದ್ದ. ದಪ್ಪ ಆದ್ರೆ ಹಗ್ಗ ತಡೆಯೋದಿಲ್ಲ, ಬಿಟ್ಟುಬಿಡ್ತಾರೆ ಅಂತ ಅವನ ಲೆಕ್ಕ. ನನ್ನ ಪಾಲಿನ ಚಪಾತಿನೂ ಅವನೇ ತಿಂತಿದ್ದ. ಆರು ತಿಂಗಳಲ್ಲಿ ಕುಂಬಳಕಾಯಿ ಆಗಿದ್ದ. ಕೊನೆಗೆ ಅವನಿಗೂ ಶಿಕ್ಷೆ ಇಳೀತು. ಆಮೇಲೆ ಹೊಟ್ಟೆ ಕರಗಿಸೋಕೆ ಜೈಲಿನ ಅಂಗಳದಲ್ಲಿ ಓಡ್ತಿದ್ದ."

ಈಗ ಒಂದಿಬ್ಬರು ನಕ್ಕರು. ದುರ್ಗಮ್ಮನ ತುಟಿಯೂ ಅಲುಗಿತು.

"ನಾ ಮಾಡಿದ್ದು ತಪ್ಪು" ಎಂದು ಮಂಜ ಮುಂದುವರಿಸಿದ. "ಸತ್ತೋರ ತಾಯಿ ಕೋರ್ಟಲ್ಲಿ ನನ್ನ ಗಲ್ಲಿಗೆ ಹಾಕಿ ಅಂದ್ಲು. ಅವಳು ಹಂಗೆ ಅಂದಿದ್ದು ತಪ್ಪು ಅಂತ ನಾ ಯಾವತ್ತೂ ಹೇಳೋದಿಲ್ಲ. ಆದ್ರೆ ಸುಭಾಷಣ್ಣ, ಯಾವ್ದು ಸಮಾ ಅಂತ ಕೇಳ್ತೆ ನೀನು. ಹಗ್ಗವೋ ಗಾಳಿಯೋ, ಸಾಯೋದು ಹತ್ತು ನಿಮಿಷದ ಕೆಲಸ. ನಾನು ಕಾದಿದ್ದು ಹದಿನಾಲ್ಕು ತಿಂಗಳು. ಬೆಳಗಾದ್ರೆ ಬೂಟಿನ ಸದ್ದು. ಬಂದೋನು ಚಾ ಕೊಡೋನು ಅಂತ ಗೊತ್ತಾದ ಮೇಲೆ ಉಸಿರು ಬಿಡೋದು. ಆ ಕಾಯೋದು ಸಲೀಸಾಗೋಕೆ ಯಾವ ದೇಶದೋರೂ ಹೊಸ ವಿಧಾನ ಕಂಡುಹಿಡೀಲಿಲ್ಲ."

ದುರ್ಗಮ್ಮ ಮೆಲ್ಲಗೆ ಕೇಳಿದಳು. "ಅಷ್ಟೆಲ್ಲ ಕಂಡ ನಿಂಗೆ ಈ ಕ್ಯಾನು ಕಂಡ್ರೆ ಹೆದರಿಕೆ ಆಗ್ತಿಲ್ವನಾ ಮಂಜಾ?"

"ಎಂತಕ್ಕೆ ಹೆದರಿಕೆ ದುರ್ಗಕ್ಕಾ? ಗಾಳಿಗೆ ಎಂತ ಗೊತ್ತು? ಯಾರ ಕೈಲಿ ಅದೆ ಅಂತ ನೋಡ್ಬೇಕು. ಉದಯನ ಕೈಲಿದ್ದಿದ್ದಕ್ಕೆ ಈ ಊರಲ್ಲಿ ಎಷ್ಟು ಕರು ಹುಟ್ಟಿದಾವೆ. ಅದರಲ್ಲಿ ಸುಮಾರು ಕರು ಭೂಮಿಗೆ ಬಿದ್ದಿದ್ದೇ ನನ್ನ ಈ ಕೈಮೇಲೆ." ಅವನು ಅಂಗೈ ಚಾಚಿ, ಅದನ್ನು ತಾನೂ ಒಮ್ಮೆ ನೋಡಿ, ಮಡಚಿಕೊಂಡ. "ನಿಮ್ಮ ಕೆಂಪಿ ಬೆಳಗಿಂದ ಕೂಗ್ತಾ ಅದೆ. ಪಾಪ, ಅದನ್ನ ಯಾಕೆ ಕಾಯಿಸ್ತೀರಿ?"

ದುರ್ಗಮ್ಮ ಸುಭಾಷನ ಕಡೆ ತಿರುಗಿ, "ನನ್ನ ಹಾಲು ಮೊದಲು ಅಳಿ. ಮನೇಲಿ ಕೆಲಸ ಅದೆ" ಎಂದು ಗದರಿ, ಉದಯನಿಗೆ, "ಹೊತ್ತು ಮುಳುಗೋದರೊಳಗೆ ಬನ್ನಿ ಇಬ್ಬರೂ. ನೀರು ಬಿಸಿ ಮಾಡಿಡ್ತೆ" ಎಂದಳು.

ಬೈಕಿನ ಹಿಂದೆ ಕ್ಯಾನು ಇದ್ದುದರಿಂದ ಇಬ್ಬರೂ ಬೈಕು ತಳ್ಳಿಕೊಂಡು ನಡೆದೇ ಹೋದರು. ಉದಯನಿಗೆ ಹೇಳದೆ ಇರಲಾಗಲಿಲ್ಲ. "ಮಂಜಣ್ಣ, ಬೆಳಿಗ್ಗೆ ನಾನೂ ಬಾಯಿಗೆ ಬಂದಿದ್ದು ಮಾತಾಡಿಬಿಟ್ಟೆ. ಇಂಜೆಕ್ಷನ್ ಕೊಟ್ಟು ಮುಗಿಸ್ಬೇಕು ಅಂದೆ."

"ಗೊತ್ತಾಯ್ತು. ಸುಭಾಷ ಅದನ್ನೂ ಗುಂಪಲ್ಲಿ ಹಾಕಿದಾನೆ" ಎಂದ ಮಂಜ. ನಾಲ್ಕು ಹೆಜ್ಜೆ ನಡೆದು, "ಆದ್ರೆ ನೀ ಕೊಡೋ ಇಂಜೆಕ್ಷನ್ ಆದ್ರೆ ಕಷ್ಟ ಮಾರಾಯ. ಗಲ್ಲಿನ ಕೈದಿ ಸಾಯೋದಿಲ್ಲ, ಗಬ್ಬ ನಿಂತು ಎದ್ದು ಬರ್ತಾನೆ!" ಎಂದ.

ಉದಯ ಬೈಕು ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ಪೂರ್ತಿ ನಗುವಿನದಾಗಿರಲಿಲ್ಲ. ಮಂಜ ಅದನ್ನು ಕಂಡೂ ಕಾಣದವನಂತೆ ಕ್ಯಾನಿನ ಹಗ್ಗ ಸರಿ ಮಾಡುತ್ತ ನಿಂತ.

ಕೊಟ್ಟಿಗೆಯಲ್ಲಿ ಮಂಜ ಕೆಂಪಿಯ ಕುತ್ತಿಗೆ ಕೆರೆದು ಕಿವಿಯಲ್ಲಿ ಏನೋ ಹೇಳಿದ. ಅದು ಕೂಗುವುದನ್ನು ನಿಲ್ಲಿಸಿತು. ಕಾವ್ಯಶ್ರೀ ತಂದ ಉಗುರುಬೆಚ್ಚಗಿನ ನೀರಲ್ಲಿ ಉದಯ ಕಡ್ಡಿ ಅದ್ದಿ ಕರಗಿಸಿದ. ದುರ್ಗಮ್ಮ ದೂರ ನಿಂತು ನೋಡುತ್ತಿದ್ದವಳು ಒಂದೊಂದೇ ಹೆಜ್ಜೆ ಹತ್ತಿರ ಬಂದು, ಕೊನೆಗೆ ಕ್ಯಾನಿನ ಬಾಯಿಗೇ ಬಗ್ಗಿ, "ಅಯ್ಯ, ಇಷ್ಟೇಯನಾ!" ಎಂದಳು. ಐದು ನಿಮಿಷದ ಕೆಲಸ. ಮುಗಿಯಿತು.

ಮತ್ತೆ ಬೆದೆಗೆ ಬರಬೇಕಾದ ಇಪ್ಪತ್ತೊಂದು ದಿನ ಕಳೆದರೂ ಕೆಂಪಿ ಕೂಗಲಿಲ್ಲ. ಮೂರನೇ ತಿಂಗಳಲ್ಲಿ ಉದಯ ಪರೀಕ್ಷೆ ಮಾಡಿ ಗಬ್ಬ ನಿಂತಿದೆ ಎಂದ. ಅಷ್ಟರಲ್ಲಿ ಡೇರಿಯ ಅಂಗಳದಲ್ಲಿ ಇನ್ನೊಂದು ರೂಢಿ ಶುರುವಾಗಿತ್ತು. ಇಷ್ಟು ವರ್ಷ ಹಾಲು ಹಾಕಿ ಸುಮ್ಮನೆ ಹೋಗುತ್ತಿದ್ದ ಮಂಜನಿಗೆ ಈಗ ಕೂರಲು ಬೆಂಚಿನ ಮೇಲೆ ಜಾಗ ಬಿಡುತ್ತಿದ್ದರು. ಜನ ಅದೂ ಇದೂ ಕೇಳುತ್ತಿದ್ದರು, ಅವನು ಹೇಳುತ್ತಿದ್ದ. ಜೈಲಿನ ತೋಟದಲ್ಲಿ ಬೆಳೆದ ಬದನೆ, ಓದು ಕಲಿಸಿದ ಮೇಷ್ಟ್ರು ಕೈದಿ, ಬೆಕ್ಕು ಸಾಕಿದ ಜೈಲರು. ಕೆಲವು ದಿನ ಆ ಸತ್ತ ಇಬ್ಬರ ಹೆಸರು ಬಂದಾಗ ಅವನು ಮಾತು ನಿಲ್ಲಿಸಿಬಿಡುತ್ತಿದ್ದ. ಆಗ ಯಾರೂ ಮುಂದೆ ಕೇಳುತ್ತಿರಲಿಲ್ಲ. ಗಲ್ಲು ಬೇಕೋ ಬೇಡವೋ ಎಂಬ ವಾದ ಊರಲ್ಲಿ ನಿಂತುಹೋಯಿತು ಎಂದಲ್ಲ. ಪೇಪರಿನಲ್ಲಿ ಯಾವುದಾದರೂ ಘೋರ ಸುದ್ದಿ ಬಂದಾಗ ಈಗಲೂ ಹಾಕಬೇಕು ಎನ್ನುವವರಿದ್ದರು. ಆದರೆ ಹೇಗೆ ಹಾಕಬೇಕು ಎಂದು ಬೆರಳು ಮಡಿಸುವುದನ್ನು ಸುಭಾಷ ಬಿಟ್ಟಿದ್ದ.

ಮೊದಲ ಚಳಿ ಬಿದ್ದ ಒಂದು ಬೆಳಿಗ್ಗೆ ಕೆಂಪಿ ಕರು ಹಾಕಿತು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಮೂರನೇ ದಿನ ದುರ್ಗಮ್ಮ ಗಿಣ್ಣು ಕಾಸಿ ಹೇಳಿ ಕಳಿಸಿದಳು. ಉದಯ ಹೆಂಡತಿ ಚೇತನಾಳನ್ನೂ ಕರೆತಂದ. ಸುಭಾಷ ಕರೆಯದಿದ್ದರೂ ಬಂದ. ಎಲ್ಲರಿಗೂ ಜಗಲಿಯ ಮೇಲೆ ಎಲೆ ಹಾಕಿತ್ತು. ಮಂಜ ಎಂದಿನಂತೆ ಅಂಗಳದ ಮೂಲೆಯಲ್ಲಿ ಕರುವಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದ.

"ಅಲ್ಲೆಂತ ಮಾಡ್ತೆ?" ಎಂದು ದುರ್ಗಮ್ಮ ಜಗಲಿಯಿಂದ ಕೂಗಿದಳು. "ಮೇಲೆ ಬಾ. ಮೊದಲ ಎಲೆ ನಿಂದು."

ಮಂಜ ಕೈ ತೊಳೆದು, ಉಟ್ಟ ಪಂಜಿಯ ತುದಿಯಲ್ಲಿ ಒರೆಸಿಕೊಂಡು ಮೆಟ್ಟಿಲು ಹತ್ತಿದ. ದುರ್ಗಮ್ಮ ಬಡಿಸಿದಳು. ಅವನು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಹ್ಯಾಂಗದೆ?" ಎಂದು ಸುಭಾಷ ಕೇಳಿದ.

"ಬೆಲ್ಲ ಒಂಚೂರು ಕಮ್ಮಿ" ಎಂದ ಮಂಜ.

ದುರ್ಗಮ್ಮ ಸಟ್ಟುಗ ಎತ್ತಿಕೊಂಡು ಹೊಡೆಯಲು ಹೋದಳು. ಜಗಲಿಯವರೆಲ್ಲ ನಗುತ್ತಿದ್ದಂತೆ ಇನ್ನೊಂದು ದೊಡ್ಡ ತುಂಡು ಅವನ ಎಲೆಗೆ ಬಿತ್ತು.